ಪಾಲಯ್ಯನ ಹೊಸ್ತಿಲು

ಕೊಟ್ಟೂರಿನ ಬಡಿಗ ಪಾಲಯ್ಯನಿಗೆ ನೀರು ಕಂಡರೆ ಆಗುತ್ತಿರಲಿಲ್ಲ. ಕುಡಿಯುವುದಕ್ಕೆ, ಮೈ ತೊಳೆಯುವುದಕ್ಕೆ ಅವನದೇನೂ ತಕರಾರಿಲ್ಲ. ಬೆಳಗಾಗೆದ್ದು ಹೆಂಗಸರು ಕೊಡಗಟ್ಟಲೆ ತಂದು ಹೊಸ್ತಿಲ ಮೇಲೆ ಸುರಿಯುತ್ತಾರಲ್ಲ, ಆ ನೀರು ಕಂಡರೆ ಮೈ ಉರಿದು ಹೋಗುತ್ತಿತ್ತು. ಸೈಕಲ್ಲಿಗೆ ಗರಗಸ ಕಟ್ಟಿಕೊಂಡು ಕೆಲಸಕ್ಕೆ ಹೊರಟವನು ಯಾರ ಬಾಗಿಲಲ್ಲಾದರೂ ಬಳಬಳ ಸದ್ದು ಕೇಳಿದರೆ ಸಾಕು, ಒಂದು ಕಾಲು ನೆಲಕ್ಕೆ ಊರಿ ನಿಂತುಬಿಡುತ್ತಿದ್ದ.

“ಯವ್ವಾ, ಅದು ಕಟ್ಟಿಗಿ ಐತಿ, ಎಮ್ಮಿ ಅಲ್ಲ. ಎಷ್ಟು ಮೈ ತೊಳೀತೀರಿ?”

“ಹೊಸ್ತಿಲ ಅಂದ್ರ ಲಕ್ಷ್ಮಿ, ಪಾಲಣ್ಣ. ತೊಳೀದಂಗ ಇರಾಕ ಆಕೈತೇನು?”

“ತೊಳೀರಿ, ಬ್ಯಾಡ ಅನ್ನಲ್ಲ. ಹಸಿ ಅರಿವಿಲೆ ಒರಸ್ರಿ. ಹಿಂಗ ಸುರುದ್ರ ಲಕ್ಷ್ಮಿಗೆ ನೆಗಡಿ ಆದೀತು.”

ಅವರು ನಗುತ್ತಿದ್ದರು. ನಕ್ಕು, ಕೊಡದಲ್ಲಿ ಉಳಿದಿದ್ದ ಅರ್ಧವನ್ನೂ ಅವನೆದುರಿಗೇ ಸುರಿಯುತ್ತಿದ್ದರು. ಪಾಲಯ್ಯ ಹಲ್ಲು ಕಚ್ಚಿಕೊಂಡು ಪೆಡಲು ತುಳಿಯುತ್ತಿದ್ದ.

ಅವನ ಮನೆತನ ಬಡಿಗತನದ್ದಲ್ಲ. ಕೂಡ್ಲಿಗಿ ಕಡೆಯ ಕೂಲಿನಾಲಿ ಮಂದಿ. ಅಪ್ಪ, ಅಜ್ಜ ಎಲ್ಲರೂ ಮತ್ತೊಬ್ಬರ ಹೊಲದಲ್ಲಿ ಬೆನ್ನು ಬಗ್ಗಿಸಿದವರೇ. ಕೊಟ್ಟೂರಿನ ಮೌನಾಚಾರಿ ಎಂಬ ಹಿರಿಯ ಬಡಿಗ ಇವನ ಕೈಯ ಹಿಡಿತ ನೋಡಿ ಉಳಿ ಕೊಟ್ಟರು. ಪಾಲಯ್ಯ ಹದಿನೈದು ವರ್ಷ ಅವರ ಜೊತೆ ದುಡಿದ. ಮೌನಾಚಾರಿಗೆ ಹೆಸರಿಗೆ ತಕ್ಕಂತೆ ಮಾತು ಕಡಿಮೆ. ಆಡಿದ ನಾಲ್ಕು ಮಾತು ಮಾತ್ರ ಪಾಲಯ್ಯನ ತಲೆಯಲ್ಲಿ ಮೊಳೆ ಹೊಡೆದಂತೆ ಕೂತಿದ್ದವು.

ಒಂದು ಸಲ ಹಳೇ ಬಾವಿಯ ಹೂಳು ಎತ್ತುವಾಗ ತಳದಿಂದ ಜಾಲಿಯ ತೊಲೆಯೊಂದು ಬಂತು. ಎಷ್ಟು ವರ್ಷದಿಂದ ಅಲ್ಲಿತ್ತೋ ಯಾರಿಗೂ ಗೊತ್ತಿಲ್ಲ. ಬಾಚಿಯಲ್ಲಿ ಹೊಡೆದರೆ ಕಬ್ಬಿಣದ ಹಾಗೆ ಠಣ್ಣೆಂದಿತು. ಮೌನಾಚಾರಿ ಅದರ ಮೇಲೆ ಕೈಯಿಟ್ಟು ಹೇಳಿದರು: “ಮುಳುಗೇ ಇದ್ದದ್ದಕ್ಕ ಏನೂ ಆಗಲ್ಲ. ಒಣಗೇ ಇದ್ದದ್ದಕ್ಕೂ ಏನೂ ಆಗಲ್ಲ. ದಿನಾ ಹಸಿ ಆಗಿ, ದಿನಾ ಒಣಗತೈತಲ್ಲ, ಅದಾ ಕೊಳಿಯೋದು.” ಆಮೇಲೆ ಜೋಳದ ದಂಟೊಂದನ್ನು ಮುರಿದು ಅದರ ಬಾಯಿ ತೋರಿಸಿದರು. ಮರವೂ ಹೀಗೆಯೇ, ಉದ್ದಕ್ಕೂ ಸಣ್ಣ ಸಣ್ಣ ಕೊಳವೆ. ಮೈಮೇಲೆ ಬಿದ್ದ ನೀರು ಜಾರಿ ಹೋಗುತ್ತದೆ. ಅಡ್ಡ ಕೊಯ್ದ ತುದಿಯನ್ನು ನೀರಿಗೆ ಕೊಟ್ಟರೆ ಅದು ಸೊರ್ರನೆ ಮೇಲಕ್ಕೆ ಎಳೆದುಕೊಳ್ಳುತ್ತದೆ.

ಬಾಗಿಲ ಚೌಕಟ್ಟಿನಲ್ಲಿ ಆ ಕೊಯ್ದ ತುದಿ ಇರುವುದೇ ಹೊಸ್ತಿಲೊಳಗೆ. ಎರಡು ಕಂಬದ ಕಾಲುಗಳನ್ನು ಹೊಸ್ತಿಲಿನ ಗುಳಿಯಲ್ಲಿ ಕೂಡಿಸುತ್ತಾರೆ. ಮೇಲೆ ಸುರಿದ ನೀರು ಇಳಿದು ಆ ಗುಳಿಯಲ್ಲಿ ಬಟ್ಟಲಿನಲ್ಲಿ ನಿಂತ ಹಾಗೆ ನಿಲ್ಲುತ್ತದೆ, ಕಂಬ ಕೂತಲ್ಲೇ ಕುಡಿಯುತ್ತದೆ. ಅದಕ್ಕೇ ಮೌನಾಚಾರಿ ಕಂಬದ ಕಾಲನ್ನು ಮೂರು ದಿನ ಬೇವಿನೆಣ್ಣೆಯ ಡಬ್ಬಿಯಲ್ಲಿ ನಿಲ್ಲಿಸುತ್ತಿದ್ದರು. ಗುಳಿಯ ತಳಕ್ಕೆ ನೀರು ಹೋಗಲು ಸಣ್ಣ ತೂತು ಕೊರೆಯುತ್ತಿದ್ದರು. ಕೂಡಿಸುವ ಮುಂಚೆ ಕಾಲಿಗೂ ಹೊಸ್ತಿಲ ಅಡಿಗೂ ಟ್ರ್ಯಾಕ್ಟರಿನ ಸುಟ್ಟ ಆಯಿಲ್ ಬಳಿಯುತ್ತಿದ್ದರು. ಕಪ್ಪಗೆ ಕಾಣುತ್ತಿತ್ತು, ವಾಸನೆ ಬರುತ್ತಿತ್ತು. ಆದರೆ ಅವರು ಕೂಡಿಸಿದ ಬಾಗಿಲುಗಳು ಇವತ್ತಿಗೂ ಕೊಟ್ಟೂರಿನ ಓಣಿಗಳಲ್ಲಿ ನಿಂತಿವೆ.

ಆಗಿನ ಕಾಲಕ್ಕೆ ಇನ್ನೊಂದು ಅನುಕೂಲವೂ ಇತ್ತು. ನೀರು ದೂರದ ಬಾವಿಯಿಂದ ತಲೆಯ ಮೇಲೆ ಬರಬೇಕು. ಹೊತ್ತು ತಂದವಳು ಅದನ್ನು ಹೊಸ್ತಿಲಿಗೆ ಸುರಿಯುವಷ್ಟು ದಡ್ಡಿಯಾಗಿರಲಿಲ್ಲ. ಒದ್ದೆ ಬಟ್ಟೆಯಲ್ಲಿ ಒರೆಸಿ, ಅರಿಸಿನ ಹಚ್ಚಿ, ಎರಡು ಎಳೆ ರಂಗೋಲಿ ಎಳೆದರೆ ಲಕ್ಷ್ಮಿಗೆ ತೃಪ್ತಿ. ತೊಂಬತ್ತರ ಆಚೀಚೆ ಊರೂರಿಗೆ ಬೋರು ಬಂತು, ಟ್ಯಾಂಕು ಬಂತು, ಓಣಿಯ ಮೂಲೆಗೆ ನಲ್ಲಿ ಬಂತು. ಜನರಿಗೆ ಒಳ್ಳೆಯದೇ ಆಯಿತು, ಪಾಲಯ್ಯ ಅಲ್ಲಗಳೆಯುವುದಿಲ್ಲ. ಆದರೆ ಅವನ ಬಾಗಿಲುಗಳ ಗ್ರಹಚಾರ ಅಂದೇ ಶುರುವಾಯಿತು. ಮಣ್ಣಿನ ಅಂಗಳ ಹೋಗಿ ಸಿಮೆಂಟಿನ ಮೆಟ್ಟಿಲು ಬಂದ ಮೇಲಂತೂ ಸುರಿದ ನೀರು ಇಂಗುವುದಕ್ಕೂ ಜಾಗವಿಲ್ಲದೆ ಹೊಸ್ತಿಲ ಬುಡದಲ್ಲೇ ನಿಲ್ಲತೊಡಗಿತು.

ಐದಾರು ವರ್ಷಕ್ಕೆ ಒಂದೊಂದೇ ದೂರು ಬಂದವು. “ಪಾಲಯ್ಯ ಕಟ್ಟಿಗಿ ಸುಮಾರು ಹಾಕ್ಯಾನ.” ಈ ಒಂದು ಮಾತು ಅವನ ಹೊಟ್ಟೆಗೆ ಬೆಂಕಿ ಹಾಕುತ್ತಿತ್ತು. ಹಗರಿಬೊಮ್ಮನಹಳ್ಳಿಗೆ ಹೋಗಿ ಒಬ್ಬರ ಎದುರು ಕಂಬದ ಕಾಲು ಕೊಯ್ದು, ಹಿಂಡಿ ನೀರು ತೋರಿಸಿ ಬಂದ. ಅವರು ತಲೆಯಾಡಿಸಿ ಚಹಾ ಕೊಟ್ಟರು, ಮರುದಿನ ಮತ್ತೆ ಸುರಿದರು. ಹಡಗಲಿಯಲ್ಲಿ ಹಾಲಸ್ವಾಮಿ ಎಂಬ ಮೇಷ್ಟ್ರು ಇವನು ಹೇಳಿದ್ದನ್ನೆಲ್ಲ ನೋಟುಬುಕ್ಕಿನಲ್ಲಿ ಬರೆದುಕೊಂಡರು. ಒಬ್ಬನಾದರೂ ಸಿಕ್ಕನಲ್ಲ ಎಂದು ಇವನಿಗೆ ಕಣ್ಣು ತುಂಬಿ ಬಂತು. ಮರುದಿನ ಬೆಳಗ್ಗೆ ಇವನು ಬಸ್ಸಿಗೆ ಹೊರಟಾಗ ಮೇಷ್ಟ್ರೇ ಪಂಚೆ ಎತ್ತಿ ಕಟ್ಟಿ ಹೊಸ್ತಿಲಿಗೆ ಬಕೀಟು ಬಗ್ಗಿಸುತ್ತಿದ್ದರು, ಹೆಂಡತಿಗೆ ಸೊಂಟನೋವಂತೆ. ಕೂಡ್ಲಿಗಿಯ ಒಬ್ಬ ಸಾಹುಕಾರ ಶ್ರಾವಣದಲ್ಲಿ ಬಾಗಿಲು ಉಬ್ಬಿ ಹಾಕಿಕೊಳ್ಳುವುದಿಲ್ಲವೆಂದು ಯಾರ ಕೈಯಲ್ಲೋ ಉಜ್ಜುಗೊರಡು ಹಾಕಿಸಿ ಅಂಚು ಹೆರೆಸಿದ. ಮಳೆ ಕುಡಿದು ಉಬ್ಬಿದ್ದು ಬಿಸಿಲಿಗೆ ತಾನೇ ಇಳಿಯುತ್ತದೆ, ಮುಟ್ಟಬೇಡಿ ಎಂದು ಇವನು ಮೊದಲೇ ಬಡಿದುಕೊಂಡಿದ್ದ. ಬೇಸಿಗೆಗೆ ಬಾಗಿಲು ಇಳಿಯಿತು, ಸಂದಿನಲ್ಲಿ ಬೆಕ್ಕು ಓಡಾಡತೊಡಗಿತು. ಬೈಸಿಕೊಂಡವನು ಪಾಲಯ್ಯ.

“ನಾ ಗ್ವಾಡಿಗೆ ಹೇಳಿದ್ರ ಗ್ವಾಡಿಯಾದ್ರೂ ಕೇಳತಿತ್ತು” ಎಂದು ಅವನು ಮನೆಗೆ ಬಂದು ಕೂಗಾಡುತ್ತಿದ್ದ.

ಹೆಂಡತಿ ಚೌಡಕ್ಕ ರೊಟ್ಟಿ ಬಡಿಯುತ್ತಲೇ ಅನ್ನುತ್ತಿದ್ದಳು: “ಊರಾಗಿನ ಹೊಸ್ತಿಲಕ್ಕೆಲ್ಲಾ ನೀವಾ ಗಂಡ ಆಗಬ್ಯಾಡ್ರಿ. ಉಣ್ಣಾಕ ಬರ್ರಿ.”

ಅವನ ಸ್ವಂತ ಮನೆಯಲ್ಲಿ ಈ ಜಗಳವಿರಲಿಲ್ಲ. ಬುದ್ಧಿವಂತ, ತನ್ನ ಮನೆಗೆ ಕಲ್ಲಿನ ಹೊಸ್ತಿಲು ಹಾಕಿದ್ದ. ಚೌಡಕ್ಕ ಸುರಿಯುತ್ತಿದ್ದಳು, ದೊಡ್ಡವಳಾದ ಮೇಲೆ ಒಬ್ಬಳೇ ಮಗಳು ಶಾಂತಕುಮಾರಿ ಸುರಿಯುತ್ತಿದ್ದಳು. ಕಲ್ಲಿಗೆ ಏನಾದೀತು? ಸುತ್ತಲಿನ ತಾಲ್ಲೂಕುಗಳ ಹೆಂಗಸರಿಗೆಲ್ಲ ಪಾಠ ಹೇಳಿದ ಪಾಲಯ್ಯ ಮನೆಯೊಳಗಿನ ಹುಡುಗಿಗೆ ಒಂದು ದಿನವೂ ಆ ಮಾತು ಹೇಳಲಿಲ್ಲ. ಹೇಳುವ ಪ್ರಸಂಗವೇ ಬರಲಿಲ್ಲ.

ಹರಪನಹಳ್ಳಿ ದಾವಣಗೆರೆ ಜಿಲ್ಲೆಗೆ ಸೇರಿದ ಮರುವರ್ಷ ಶಾಂತಕುಮಾರಿಯ ಮದುವೆ ಗೊತ್ತಾಯಿತು. ಹುಡುಗ ನೀಲಗುಂದದ ಗಂಗಾಧರ, ಒಕ್ಕಲುತನದವನು, ಮಾತು ಕಮ್ಮಿ, ನಡತೆ ಒಳ್ಳೆಯದು. ತಂದೆ ಇಲ್ಲ, ತಾಯಿ ಮೈಲಮ್ಮನದೇ ಕಾರುಬಾರು. ಆಗಷ್ಟೇ ಹೊಸ ಮನೆ ಕಟ್ಟುತ್ತಿದ್ದರು. ಮಾತುಕತೆಯ ದಿನ ಮೈಲಮ್ಮ ನಗುತ್ತಾ ಅಂದಳು: “ನಮಗೆ ಮತ್ತೇನೂ ಬ್ಯಾಡ ಬೀಗ್ರೆ. ತಲಬಾಗಲ ನಿಮ್ಮ ಕೈಯಿಂದ ಆಗ್ಲಿ. ಊರ ಮಂದಿ ನೋಡಿ ಹೌದು ಅನ್ನಬೇಕು.”

ಪಾಲಯ್ಯ ಅಂಥ ಕೆಲಸ ಹಿಂದೆ ಮಾಡಿರಲಿಲ್ಲ, ಮುಂದೆಯೂ ಮಾಡಲಿಲ್ಲ. ಎರಡು ವರ್ಷ ನೆರಳಲ್ಲಿ ಒಣಗಿಸಿ ಇಟ್ಟಿದ್ದ ಮತ್ತಿ ಮರ ತೆಗೆದ. ಕಂಬಕ್ಕೆ ಬಳ್ಳಿ ಕೊರೆದ, ಮೇಲಿನ ಪಟ್ಟಿಗೆ ಜೋಡಿ ಗಿಣಿ ಕೂರಿಸಿದ. ಕೊನೆಗೆ ಕಂಬದ ಕಾಲಿಗೆ ಎಣ್ಣೆ ಕುಡಿಸುವ ಸರದಿ ಬಂತು. ಡಬ್ಬಿ ಮುಚ್ಚಳ ತೆಗೆದವನು ಹಾಗೇ ಕೂತ.

ಎಣ್ಣೆ ಕುಡಿದ ಕಟ್ಟಿಗೆಯ ಮೇಲೆ ಪೇಂಟು ನಿಲ್ಲುವುದಿಲ್ಲ. ಹೊಸ್ತಿಲು, ಕಂಬದ ಕಾಲು ಒಂದೊಂದು ಗೇಣು ಕರ್ರಗೇ ಉಳಿಯುತ್ತದೆ. ಬೇರೆಯವರ ಮನೆಯಾಗಿದ್ದರೆ ಪಾಲಯ್ಯ ಎರಡನೇ ಸಲ ಯೋಚಿಸುತ್ತಿರಲಿಲ್ಲ. ಇದು ಮಗಳ ಮನೆ. ಹೊಸ್ತಿಲು ಪೂಜೆಯ ದಿನ ಹತ್ತು ಜನ ಬೀಗರು ಬಗ್ಗಿ ನೋಡುತ್ತಾರೆ. ಬಡಿಗ ಬೀಗ ಟ್ರ್ಯಾಕ್ಟರಿನ ಹೊಲಸು ಎಣ್ಣೆ ಬಳಿದು ತಂದ ಅಂತಾರೆ. ಆಗ ಎಲ್ಲ ಕಡೆ ಚಾಕಲೇಟು ಬಣ್ಣದ ಆಯಿಲ್ ಪೇಂಟಿನ ಹುಚ್ಚು. ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಪಾಲಯ್ಯನಿಗೂ ಆಸೆಯಾಯಿತು. ಒಂದು ಸಲವಾದರೂ ತನ್ನ ಬಾಗಿಲು ಬುಡದಿಂದ ತುದಿಯವರೆಗೆ ಮಿಂಚಲಿ ಅನ್ನಿಸಿತು. ಡಬ್ಬಿಯ ಮುಚ್ಚಳವನ್ನು ತಾನೇ ಬಿಗಿದು ಮೂಲೆಗಿಟ್ಟ. ಯಾರೂ ಹೇಳಿದ್ದಲ್ಲ, ಯಾರೂ ಕೇಳಿದ್ದಲ್ಲ.

ನೀಲಗುಂದದಲ್ಲಿ ಬಾಗಿಲು ನಿಲ್ಲಿಸಿದ ದಿನ ಜನ ಅದರಲ್ಲಿ ಮುಖ ನೋಡಿಕೊಂಡರು. ಬಡಿಗನಿಗೆ ಸಲ್ಲಬೇಕಾದ ಅಕ್ಕಿ, ಕಾಯಿ, ಹೊಸ ಪಂಚೆ ಕೊಟ್ಟು ಮೈಲಮ್ಮ ಕೈ ಮುಗಿದಳು. ಮದುವೆಯಾಗಿ ಬಂದ ದಿನ ಮದುಮಗಳು ಆ ಹೊಸ್ತಿಲ ಮೇಲಿನ ಅಕ್ಕಿಯ ಸೇರು ಒದ್ದು ಒಳಗೆ ಹೋದಳು. ಪಾಲಯ್ಯ ಖುಷಿಯಲ್ಲಿ ಎಲ್ಲರೂ ಕೇಳುವಂತೆ ಮೂಗು ಸೀನಿಕೊಂಡ.

ನಾಲ್ಕು ವರ್ಷವಾಯಿತು. ಒಂದು ದಿನ ಕೊಟ್ಟೂರಿನ ಬೂತಿಗೆ ಅಳಿಯನ ಫೋನು. “ಮಾವಾ, ಬಾಗಲ ಯಾಕೋ ಕುಂತಂಗ ಆಗೈತಿ. ಚಿಲಕ ಕೂಡವಲ್ದು. ಒಮ್ಮಿ ಬಂದು ನೋಡ್ರಿ.” ದನಿ ತಗ್ಗಿಸಿ ಮತ್ತೆ ಅಂದ: “ಅವ್ವ ಏನೇನರ ಅಂತಾಳ. ಲಗೂನ ಬರ್ರಿ.”

ಪಾಲಯ್ಯ ಉಪಕರಣದ ಚೀಲ ಹೆಗಲಿಗೇರಿಸಿ ಬಸ್ಸು ಹತ್ತಿದ. ದಾರಿಯುದ್ದಕ್ಕೂ ಒಳಗೊಳಗೇ ಬೈಗುಳ ಜೋಡಿಸಿಕೊಂಡ. ಅಲ್ಲೂ ಸುರಿದಿದ್ದಾರೆ, ಮತ್ತೇನು? ಬೀಗತಿಯಾದರೇನು, ಈ ಸಲ ಮುಖಕ್ಕೆ ಹೊಡೆದ ಹಾಗೆ ಹೇಳಿಯೇ ಬಿಡುವುದು. ಅರ್ಧ ದಾರಿಯಲ್ಲಿ ಮುಚ್ಚಿಟ್ಟ ಎಣ್ಣೆಯ ಡಬ್ಬಿ ಒಮ್ಮೆ ನೆನಪಿಗೆ ಬಂತು. ಅದನ್ನು ಅವನು ಅಲ್ಲೇ ತಳ್ಳಿದ. ಡಬ್ಬಿ ಹರಪನಹಳ್ಳಿಯಲ್ಲಿ ಬಸ್ಸು ಬದಲಿಸುವಾಗ ಮತ್ತೆ ಬಂತು.

ಬಾಗಿಲು ದೂರಕ್ಕೆ ಇನ್ನೂ ಚಂದವೇ ಇತ್ತು. ಗಿಣಿಗಳು ಹೊಳೆಯುತ್ತಿದ್ದವು. ಹತ್ತಿರ ಹೋಗಿ ಕಂಬದ ಬುಡ ಒತ್ತಿದ, ಪೇಂಟು ಹಪ್ಪಳದ ಹಾಗೆ ಒಳಗೆ ಕುಸಿಯಿತು. ಉಳಿ ಇಟ್ಟು ನೂಕಿದರೆ ಹಿಡಿಯ ತನಕ ಹೋಯಿತು. ಹೊರಗೆಳೆದಾಗ ಕಪ್ಪು ತಿರುಳು ಅಂಟಿಕೊಂಡು ಬಂತು, ಕೊಳೆತ ಬದನೆಕಾಯಿಯ ವಾಸನೆ. ಹೊಸ್ತಿಲಿನ ಒಂದು ತುದಿ ಆಗಲೇ ಹುಡಿಯಾಗಿತ್ತು. ಪೇಂಟು ಹೊರಗಿನಿಂದ ಬಿಗಿದು ನಿಂತಿದ್ದರಿಂದ ಗುಳಿಯೊಳಗಿಂದ ಏರಿದ ನೀರು ಆರುವುದಕ್ಕೂ ದಾರಿಯಿರಲಿಲ್ಲ.

ಮೈಲಮ್ಮ ಕಟ್ಟೆಯ ಮೇಲೆ ಕೂತಿದ್ದಳು. ಪಕ್ಕದ ಮನೆಯ ಇಬ್ಬರು ಹೆಂಗಸರು ಏನೋ ನೆವ ಮಾಡಿಕೊಂಡು ಬಂದು ನಿಂತಿದ್ದರು. ಶಾಂತಕುಮಾರಿ ಒಳಗಿನ ಕಂಬಕ್ಕೆ ಒರಗಿ ತಲೆ ಬಗ್ಗಿಸಿದ್ದಳು. ಮಗಳು ಇಳಿದು ಹೋದದ್ದು ಅವನಿಗೆ ಒಂದೇ ನೋಟಕ್ಕೆ ಕಂಡಿತು.

“ನೋಡಿದ್ರೇನು ಬೀಗ್ರೆ?” ಎಂದಳು ಮೈಲಮ್ಮ. “ಲಕ್ಷ್ಮಿ ಇರೋ ಜಾಗ ಹಿಂಗ ಹುಡಿ ಆಗೈತಿ. ಎಮ್ಮಿ ಕರ ಸತ್ತೋತು. ನನ್ನ ಮಗ ಗಾಡಿಯಿಂದ ಬಿದ್ದು ಕಾಲು ಮುರಕೊಂಡು ಎರಡು ತಿಂಗಳು ಕುಂತ. ನನ್ನ ಬಾಯಾಗ ಬರಬಾರದು, ಮಂದಿ ಅಂತಾರ. ಸೊಸಿ ಕಾಲಗುಣ ಅಂತಾರ. ಆಕಿ ದಾಟಿ ಬಂದ ಹೊಸ್ತಿಲಾ ಕೊಳೀತಲ್ಲ, ಏನಂತ ಹೇಳ್ಲಿ ನಾನು?”

ನೆರೆಯವರಲ್ಲಿ ಒಬ್ಬಳು ಹೌದೆಂದು ಮೆಲ್ಲಗೆ ತಲೆಯಾಡಿಸಿದಳು. ಪಾಲಯ್ಯನ ರಕ್ತ ಕುದಿಯಿತು. ಕಾಲ್ಗುಣವಂತೆ! ಕೊಡಗಟ್ಟಲೆ ನೀರು ಸುರಿದು ಕಾಲ್ಗುಣವಂತೆ! ಬಸ್ಸಿನಲ್ಲಿ ಜೋಡಿಸಿಕೊಂಡಿದ್ದ ಮಾತೆಲ್ಲ ನಾಲಿಗೆಯ ತುದಿಗೆ ಬಂದು ನಿಂತವು.

“ಅಕ್ಕಾರೆ, ಈ ಹೊಸ್ತಿಲಿಗೆ ದಿನಾ ನೀರು ಹಾಕೋರು ಯಾರು?”

“ಇನ್ಯಾರು? ನಿಮ್ಮ ಮಗಳಾ. ಅದರಾಗ ಸುಳ್ಳು ಹೇಳಬಾರದು, ಒಂದು ದಿನ ತಪ್ಪಿಸಿಲ್ಲ. ನಲ್ಲಿ ಬರೋದ್ರಾಗ ಎದ್ದು ಕೊಡ ತುಂಬತಾಳ.”

ಹತ್ತು ವರ್ಷ ಹಾಡಿದ ಹಾಡು ಅವನಿಗೆ ಮೊದಲ ಸಲ ಬಾಯಿಗೆ ಬರಲಿಲ್ಲ. ನೀರಿನಿಂದ ಕೊಳೆಯಿತು ಅಂದರೆ ಕಾಲ್ಗುಣದ ಮಾತು ನಿಲ್ಲುತ್ತದೆ, ನಿಜ. ಆದರೆ ಅದು ಮಗಳ ಕಾಲಿನಿಂದ ಇಳಿದು ಮಗಳ ಕೈಗೆ ಹತ್ತುತ್ತದೆ. ಸೊಸೆ ಕೈಯಾರೆ ಲಕ್ಷ್ಮಿಯನ್ನು ಕೊಳೆಸಿದಳು ಎಂದು ನಾಳೆ ನಲ್ಲಿಯ ಹತ್ತಿರ ಇದೇ ಇಬ್ಬರು ಆಡಿಕೊಳ್ಳುತ್ತಾರೆ. ಮೈಲಮ್ಮನ ಮುಂದೆ ಶಾಂತಕುಮಾರಿ ಮತ್ತೆ ತಲೆ ಎತ್ತುವುದು ಯಾವಾಗ? ಅವನಿಗೆ ಎಲ್ಲರ ಮೇಲೂ ಸಿಟ್ಟು ಬಂತು. ಮೈಲಮ್ಮನ ಮೇಲೆ, ನಲ್ಲಿ ತಂದವರ ಮೇಲೆ, ಬಾಯಿ ಮುಚ್ಚಿಕೊಂಡು ನಿಂತ ಅಳಿಯನ ಮೇಲೆ. ಎಲ್ಲ ಸಿಟ್ಟೂ ಸುತ್ತಿ ಬಂದು ಆ ಎಣ್ಣೆಯ ಡಬ್ಬಿಯ ಹತ್ತಿರ ನಿಂತಿತು.

ಉಳಿಯನ್ನು ಕಟ್ಟೆಯ ಮೇಲಿಟ್ಟು ಅವನು ನೆಟ್ಟಗೆ ನಿಂತ.

“ಅಕ್ಕಾರೆ, ಇದರಾಗ ಹುಡುಗೀದು ಏನೂ ಇಲ್ಲ. ತಪ್ಪು ನಂದು.”

“ಅಂದ್ರ?”

“ಕಂಬದ ಕಾಲಿಗೆ ಎಣ್ಣಿ ಕುಡಿಸಬೇಕಾಗಿತ್ತು. ನಮ್ಮ ಗುರುಗಳು ಕಲಿಸಿದ್ರು, ಎಲ್ಲಾರ ಮನಿಗೂ ಕುಡಿಸೀನಿ. ಈ ಮನಿಗೆ ಕುಡಿಸಲಿಲ್ಲ. ನಿಮ್ಮ ಮುಂದ ಬಾಗಲ ಮಿಂಚಲಿ ಅಂತ ಬರೇ ಪೇಂಟು ಬಳಿದೆ. ಎಣ್ಣಿ ಕುಡಿಸಿದ್ರ ಹಿಂಗ ಲಗೂನ ಕೊಳೀತಿದ್ದಿಲ್ಲ. ಬಡಿಗ ಕೆಲಸ ಕೆಡಿಸಿದ್ರ ಸೊಸಿ ಕಾಲು ಏನು ಮಾಡೀತು?”

ಮೈಲಮ್ಮ ಬೈಯಲು ಶುರು ಮಾಡಿದಳು, ಬೇಗ ನಿಲ್ಲಿಸಲಿಲ್ಲ. “ಅಲ್ಲ ಬೀಗ್ರೆ, ಊರ ಮಂದಿಗೆಲ್ಲ ಬುದ್ಧಿ ಹೇಳ್ಕೊಂತ ತಿರುಗತೀರಂತ. ಸ್ವಂತ ಮಗಳ ಮನಿಗೇ ಹಿಂಗ ಮಾಡೀರಾ? ನಾನು ಆವತ್ತಾ ಬಾಯಿ ತುಂಬ ಹೊಗಳಿದ್ನಲ್ಲ! ಪಂಚೆ ಉಡಿಸಿ ಕೈ ಮುಗದ್ನಲ್ಲ!” ಪಕ್ಕದ ಹೆಂಗಸರು ಈಗ ಅವನನ್ನೇ ನೋಡುತ್ತಿದ್ದರು. ಸಂಜೆಯೊಳಗೆ ಊರಿಗೆ, ವಾರದೊಳಗೆ ಕೊಟ್ಟೂರಿಗೆ ಸುದ್ದಿ ಮುಟ್ಟುತ್ತದೆ, ಪಾಲಯ್ಯನಿಗೆ ಗೊತ್ತಿತ್ತು. ಇಷ್ಟು ವರ್ಷ ಯಾರ್ಯಾರ ಮುಂದೆ ಗಂಟಲು ಹರಿದುಕೊಂಡಿದ್ದನೋ ಅವರೆಲ್ಲ ಇನ್ನು ಮೇಲೆ ನಗುತ್ತಾರೆ. ಅವನು ಎಲ್ಲವನ್ನೂ ನಿಂತು ಕೇಳಿಸಿಕೊಂಡ. ಕೊನೆಗೆ ಮೈಲಮ್ಮ ಉಸಿರು ಬಿಟ್ಟು, ಒಳಗೆ ತಿರುಗಿ ಅಂದಳು: “ಏ ಶಾಂತಿ, ನಿಂತು ಏನ್ ನೋಡ್ತೀಯವ್ವ? ನಿಮ್ಮಪ್ಪಗ ಚಹಾ ಕಾಸು.”

ಕೆಲಸ ಎರಡು ದಿನ ಹಿಡಿಯಿತು. ಕಂಬಗಳನ್ನು ಗಟ್ಟಿ ಕಟ್ಟಿಗೆ ಸಿಗುವ ತನಕ, ಒಂದು ಮೊಳ ಕೊಯ್ದ. ಕೊಯ್ದ ಬಾಯಿಗೆ ಒಂದೇ ಸಮ ಬಿಸಿ ಬೇವಿನೆಣ್ಣೆ ಕುಡಿಸಿದ, ಸಾಕಾಗಿ ಅದು ತಾನೇ ಹೊರಗೆ ಉಗುಳುವ ತನಕ. ಕೆಳಗೆ ಗಂಗಾಧರ ತಂದ ಕಡಪ ಕಲ್ಲಿನ ಹೊಸ್ತಿಲು ಕೂಡಿಸಿ, ಕಂಬದ ಅಡಿಗೆ ಎರಡು ಕಲ್ಲಿನ ತುಂಡು ಕೊಟ್ಟು ಎತ್ತರ ಹೊಂದಿಸಿದ. ಹೊರಗಿನ ಸಿಮೆಂಟನ್ನು ಅಗೆದು ನೀರು ಹೊರಕ್ಕೆ ಓಡುವಂತೆ ಇಳಿಜಾರು ಮಾಡಿದ. ಈ ಸಲ ಪೇಂಟಿನ ಡಬ್ಬಿ ತೆರೆಯಲಿಲ್ಲ. ಗಿಣಿಗಳ ಕೆಳಗೆ ಕಂಬದ ಕಾಲುಗಳು ಎಣ್ಣೆ ಕುಡಿದು ಕರ್ರಗೆ ನಿಂತವು.

ಹಳೇ ಹೊಸ್ತಿಲು ಉಳಿಯಿತು. ಪೂಜೆಗೊಂಡ ಕಟ್ಟಿಗೆಯನ್ನು ಒಲೆಗೆ ಹಾಕುವಂತಿಲ್ಲ, ತಿಪ್ಪೆಗೆ ಎಸೆಯುವಂತಿಲ್ಲ. ನಾನೇ ಒಯ್ದು ಬನ್ನಿ ಗಿಡದ ಬುಡಕ್ಕೆ ಇಡುತ್ತೇನೆ ಎಂದು ಪಾಲಯ್ಯ ಅದನ್ನು ಗೋಣಿಚೀಲದಲ್ಲಿ ಸುತ್ತಿಕೊಂಡ. ಉಳಿದ ಅರ್ಧ ಹಲಗೆಯ ಮೇಲೆ ಅರಿಸಿನ ಪದರ ಪದರವಾಗಿ ಕೂತಿತ್ತು. ನಾಲ್ಕು ವರ್ಷದ್ದು, ಒಂದು ದಿನವೂ ತಪ್ಪದ್ದು.

ಶಾಂತಕುಮಾರಿ ಬುತ್ತಿಗಂಟು ಹಿಡಿದು ಬಸ್ ನಿಲ್ಲುವ ಕಟ್ಟೆಯ ತನಕ ಬಂದಳು. ಈಗಲಾದರೂ ನೀರಿನ ಮಾತು ಮಗಳಿಗೆ ಹೇಳಿಬಿಡಬೇಕೆಂದು ಪಾಲಯ್ಯ ಬಾಯಿ ತೆರೆದ. ಅವಳೇ ಮೊದಲು ಮಾತಾಡಿದಳು.

“ಅಪ್ಪಾ, ನನಗೂ ಗೊತ್ತೈತಿ. ನೀರಿಲೇ ಹಿಂಗಾತು, ಹೌದಿಲ್ಲೋ? ಕೊಟ್ಟೂರಾಗ ಮಂದಿಗೆಲ್ಲ ನೀ ಬೈಯೋದು ಕೇಳೀನಿ.”

“ಮತ್ತ್ಯಾಕ ಸುರೀತಿದ್ದೆ?”

ಅವಳು ಗೋಣಿಚೀಲದ ಕಡೆ ನೋಡಿದಳು. “ಅತ್ತಿ ಒಂದಾ ಕೊಡ ಸಾಕು ಅಂತಿದ್ರು. ನಾನಾ ಎರಡು ಸುರೀತಿದ್ದೆ. ಹಸಿ ಇದ್ದಾಗ ಅದು ನೀ ತಂದ ದಿನ ಹೊಳದಂಗ ಹೊಳೀತಿತ್ತಪ್ಪ. ಸ್ವಲ್ಪ ಹೊತ್ತು ನೋಡಾಕ ಸಿಗತಿತ್ತು.”

ಬಸ್ಸು ಬಂದು ಧೂಳೆಬ್ಬಿಸಿ ನಿಂತಿತು. ಅವನು ಚೀಲ ಎತ್ತಿ ಹೆಗಲಿಗಿಟ್ಟುಕೊಂಡು ಮೆಟ್ಟಿಲು ಹತ್ತಿದ, ಮತ್ತೆ ತಿರುಗಿದ.

“ಕಂಬಕ್ಕ ಅಮಾಸಿಗೊಮ್ಮೆ ಬೇವಿನೆಣ್ಣಿ ಒರಸವ್ವ,” ಎಂದ. “ಹೊಸ್ತಿಲ ಈಗ ಕಲ್ಲಿಂದು. ಅದಕ್ಕ ಎರಡು ಕೊಡ ಸುರಿ.”

ಸೀಟು ಸಿಕ್ಕಿತು. ಗೋಣಿಚೀಲವನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು ಕೂತ. ಹರಪನಹಳ್ಳಿಯಲ್ಲಿ ಇಳಿದು ನೋಡಿದರೆ ಉಟ್ಟಿದ್ದ ಪಂಚೆಗೆಲ್ಲ ಅರಿಸಿನ ಹತ್ತಿತ್ತು. ಅವನು ಅದನ್ನು ಕೊಡವಿಕೊಳ್ಳಲಿಲ್ಲ.